ಕ್ಯಾಮೆರಾದಲ್ಲಿ ಓರೆಯಾದ ಗೋಡೆ

ಮೂಡುಬಿದಿರೆಯಲ್ಲಿ ಹಾರ್ಡ್‌ವೇರ್ ಕೋರ್ಸಿಗೆ ಸೇರಿದಾಗ ನಮ್ಮ ತರಗತಿಯಲ್ಲಿ ಹುಡುಗಿ ಅಂತ ಇದ್ದದ್ದು ನಾನೊಬ್ಬಳೇ. ಬೆಳುವಾಯಿಯ ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಹಾರ್ಡ್‌ವೇರ್ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕಂಪ್ಯೂಟರ್ ಕಲಿಯುವುದೆಂದರೆ ಫ್ಯಾನಿನ ಕೆಳಗೆ ಕುಳಿತು ಟೈಪು ಮಾಡುವುದು ಎಂದು ಅಪ್ಪ ತಿಳಿದಿದ್ದರು. ಮಗಳು ಗದ್ದೆಯ ಬಿಸಿಲಿನಿಂದ ಪಾರಾದಳು ಎಂಬ ಸಮಾಧಾನ ಅವರಿಗೆ. ಕೋರ್ಸು ಮುಗಿದು, ಸ್ಕ್ರೂಡ್ರೈವರು, ಇಕ್ಕಳ, ಬೆಸುಗೆಯ ಕಡ್ಡಿ ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾನು ಕೆಲಸಕ್ಕೆ ಹೊರಟ ದಿನ ಅವರು ಚೀಲದೊಳಗೆ ಇಣುಕಿ ನೋಡಿದರು.

"ಇದು ಪಂಪ್ ರಿಪೇರಿಯವನ ಚೀಲದ ಹಾಗೆ ಉಂಟಲ್ಲ?"

"ಹೆಚ್ಚುಕಡಿಮೆ ಅದೇ ಕೆಲಸ ಅಪ್ಪ," ಎಂದೆ.

ಅಲ್ಲಿಂದ ಮುಂದೆ ಸಂಬಂಧ ಕೇಳಿಕೊಂಡು ಬಂದವರಿಗೆಲ್ಲ ಅಪ್ಪ, "ಮಗಳಿಗೆ ಬಿ.ಸಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ" ಎಂದೇ ಹೇಳುತ್ತಿದ್ದರು. ಲೆಕ್ಕದಲ್ಲಿ ನಾನು ಎಂಥ ದಡ್ಡಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸ್ಕ್ರೂಡ್ರೈವರ್ ಹಿಡಿಯುವ ಹುಡುಗಿಗಿಂತ ಲೆಕ್ಕ ತಪ್ಪುವ ಹುಡುಗಿಗೆ ಗಂಡು ಸಿಗುವುದು ಸುಲಭ ಎಂಬುದು ಅವರ ಅಂದಾಜು.

ಅಂಗಡಿಯ ಯಜಮಾನರು ಮೊದಲು ರೇಡಿಯೋ, ಆಮೇಲೆ ಟಿ.ವಿ., ಕೊನೆಗೆ ಕಂಪ್ಯೂಟರ್ ಎಂದು ಕಾಲಕ್ಕೆ ತಕ್ಕ ಹಾಗೆ ಬೋರ್ಡು ಬದಲಿಸಿಕೊಂಡು ಬಂದವರು. ನನ್ನನ್ನು ಅವರು ಸೇರಿಸಿಕೊಂಡದ್ದು ನನ್ನ ಜಾಣತನ ನೋಡಿ ಅಲ್ಲ. ನಮ್ಮ ಕಡೆ ಗಂಡಸರು ಗಲ್ಫಿನಲ್ಲಿದ್ದು, ಹೆಂಗಸರು ಮಾತ್ರ ಇರುವ ಮನೆಗಳು ಬಹಳ. ಆ ಮನೆಗಳಿಗೆಲ್ಲ ಕಂಪ್ಯೂಟರ್ ಬಂದಿತ್ತು. ಅದು ಹಾಳಾದರೆ ರಿಪೇರಿಗೆ ಹುಡುಗರನ್ನು ಒಳಗೆ ಕರೆಯುವ ಹಾಗಿಲ್ಲ, ಎತ್ತಿಕೊಂಡು ಅಂಗಡಿಗೆ ತರಲು ಜನ ಇಲ್ಲ. ಮನೆಯ ಗಂಡಸು ರಜೆಯಲ್ಲಿ ಬರುವವರೆಗೆ ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿರುತ್ತಿತ್ತು. "ನೀನು ಹೋದರೆ ಅಡುಗೆಮನೆವರೆಗೆ ಬಿಡ್ತಾರೆ," ಎಂದಿದ್ದರು ಯಜಮಾನರು. ಹಾಗೆಯೇ ಆಯಿತು. ಆದರೆ ಹೊಸ್ತಿಲಲ್ಲಿ ನನ್ನನ್ನು ನೋಡಿದ ಕೂಡಲೇ ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ರಿಪೇರಿಯವರು ಹಿಂದಿನಿಂದ ಬರ್ತಾರಾ?"

ಹೆಚ್ಚಿನ ಮನೆಗಳಲ್ಲಿ ರೋಗ ದೊಡ್ಡದೇನೂ ಇರುತ್ತಿರಲಿಲ್ಲ. ಒಳಗೆ ಇರುವೆ ಗೂಡು ಕಟ್ಟಿರುತ್ತಿತ್ತು, ಇಲ್ಲವೇ ಹಲ್ಲಿ ಸತ್ತಿರುತ್ತಿತ್ತು. ಮಳೆಗಾಲದಲ್ಲಂತೂ ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಅಂಚು ಮಂಕಾಗಿ ಕಂಪ್ಯೂಟರ್ ಬರೀ ಕೂಗುತ್ತಿತ್ತು, ಏಳುತ್ತಿರಲಿಲ್ಲ. ಆ ಪಟ್ಟಿಯನ್ನು ತೆಗೆದು ಪೆನ್ಸಿಲ್ ಉಜ್ಜುವ ರಬ್ಬರಿನಿಂದ ಅಂಚನ್ನು ಉಜ್ಜಿ ಮತ್ತೆ ಕೂರಿಸಿದರೆ ಗುಣ. ಇದನ್ನು ಜನರ ಎದುರಿಗೆ ಮಾಡಬಾರದು ಎಂದು ನಾನು ಬೇಗ ಕಲಿತೆ. ಅಷ್ಟು ದೊಡ್ಡ ಯಂತ್ರ ಒಂದನೇ ಕ್ಲಾಸಿನ ಮಕ್ಕಳ ರಬ್ಬರಿನಿಂದ ಸರಿಯಾಯಿತು ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಹಾಗಾಗಿ, "ಸ್ವಲ್ಪ ಕುಡಿಯಲಿಕ್ಕೆ ನೀರು ಕೊಡ್ತೀರಾ?" ಎನ್ನುತ್ತಿದ್ದೆ. ಅವರು ನೀರು ತರುವಷ್ಟರಲ್ಲಿ ರಬ್ಬರು ಚೀಲ ಸೇರಿರುತ್ತಿತ್ತು.

ಇಂಥ ಸಣ್ಣಪುಟ್ಟ ರೋಗಗಳ ನಡುವೆ ಫರಂಗಿಪೇಟೆಯ ಒಂದು ಮನೆಯಿಂದ ಫೋನ್ ಬಂತು. ಬ್ರಾಡ್‌ಬ್ಯಾಂಡ್ ಬಂದ ಹೊಸತು. "ಕ್ಯಾಮೆರಾ ಆಗಾಗ ಸಾಯ್ತದೆ. ಮನೆ ಕೆಲಸ ನಿಂತುಹೋಗಿದೆ," ಎಂದು ಹೆಂಗಸಿನ ದನಿ. ಕ್ಯಾಮೆರಾ ಸತ್ತರೆ ಮನೆ ಕೆಲಸ ಯಾಕೆ ನಿಲ್ಲಬೇಕು ಎಂದು ಅರ್ಥವಾಗದೆ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಹಳೇ ಹಂಚಿನ ಮನೆ. ಅದರ ಪಕ್ಕದಲ್ಲೇ ಕೆಂಪುಕಲ್ಲಿನ ಹೊಸ ಮನೆಯ ಗೋಡೆಗಳು ಸೊಂಟದೆತ್ತರಕ್ಕೆ ಎದ್ದಿದ್ದವು. ಹಳೇ ಮನೆಯಲ್ಲಿ ಇದ್ದವರು ಇಬ್ಬರು: ಫೋನ್ ಮಾಡಿದ ಹೆಂಗಸು, ಹೆಚ್ಚುಕಡಿಮೆ ನನ್ನದೇ ಪ್ರಾಯದವಳು, ಮತ್ತು ಅವಳ ಅತ್ತೆ, ಬಿಳಿ ಬಟ್ಟೆ ತಲೆಗೆ ಹೊದ್ದ ಮುದುಕಿ. ಸೊಸೆ ಅವರನ್ನು ಉಮ್ಮ ಎಂದು ಕರೆಯುತ್ತಿದ್ದಳು, ಎರಡನೇ ಸಲ ಹೋಗುವಷ್ಟರಲ್ಲಿ ನಾನೂ ಹಾಗೇ ಕರೆಯತೊಡಗಿದೆ. ಗಂಡ ಗಲ್ಫಿನಲ್ಲಿ ಯಾವುದೋ ಗೋದಾಮಿನಲ್ಲಿ ಮೇಲ್ವಿಚಾರಕ. ಅವನು ಅಲ್ಲಿಂದಲೇ ದಿನವೂ ಮನೆ ಕಟ್ಟಿಸುತ್ತಿದ್ದ.

ಕ್ರಮ ಹೀಗಿತ್ತು. ಅವನು ಕಳೆದ ರಜೆಯಲ್ಲಿ ತಂದುಕೊಟ್ಟ ಹಳೇ ಲ್ಯಾಪ್‌ಟಾಪ್ ಒಂದು ಕಿಟಕಿಯ ಬಳಿ ಸ್ಟೂಲಿನ ಮೇಲೆ. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪ್ಲಗ್ ಕಿತ್ತರೆ ಅಲ್ಲೇ ಉಸಿರು ನಿಲ್ಲುತ್ತಿತ್ತು. ಆದ್ದರಿಂದ ಅದನ್ನು ಹೊರಗೆ ಒಯ್ಯುವಂತಿಲ್ಲ. ಕ್ಯಾಮೆರಾದ ವಯರಿಗೆ ಇನ್ನೊಂದು ವಯರು, ಅದಕ್ಕೆ ಮತ್ತೊಂದು ಸೇರಿಸಿ, ಕಪ್ಪು ಟೇಪು ಸುತ್ತಿ, ಕಿಟಕಿಯಿಂದ ಹೊರಗೆ ಬಿಟ್ಟು, ಬಟ್ಟೆ ಒಣಹಾಕುವ ಹಗ್ಗದ ಗುಂಟ ಕ್ಲಿಪ್ಪು ಸಿಕ್ಕಿಸಿಕೊಂಡು ಹೊಸ ಮನೆಯ ತನಕ ಎಳೆದಿದ್ದರು. ತುದಿಯಲ್ಲಿ ಕ್ಯಾಮೆರಾ. ಅದನ್ನು ಜೇಡರಬಲೆ ತೆಗೆಯುವ ಉದ್ದ ಕೋಲಿಗೆ ಕಟ್ಟಿತ್ತು. ಅವನಿಗೆ ಅಲ್ಲಿ ಮಧ್ಯಾಹ್ನದ ಬಿಡುವು ಸಿಗುವಾಗ ಹೆಂಡತಿ ಇಲ್ಲಿ ಆ ಕೋಲು ಹಿಡಿದು ಗೋಡೆಯ ಸುತ್ತ ನಡೆಯಬೇಕು. ಕಿಟಕಿಯಲ್ಲಿಟ್ಟ ಸ್ಪೀಕರಿನಿಂದ ಅವನ ಅಪ್ಪಣೆಗಳು ಕೇಳುತ್ತಿದ್ದವು.

ಆ ಅಪ್ಪಣೆಗಳನ್ನು ಕೇಳಬೇಕಾದವರು ಕೊಕ್ಕಡದ ಕಡೆಯ ಒಬ್ಬ ಮೇಸ್ತ್ರಿ. ಅರವತ್ತು ದಾಟಿದ ಪ್ರಾಯ, ತಲೆಗೆ ಸದಾ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ. ಗಲ್ಫಿನ ಬಿಡುವು ಎಂದರೆ ಇಲ್ಲಿ ಅವರು ಊಟ ಮುಗಿಸಿ ಒಂದು ನಿದ್ದೆ ತೆಗೆಯುವ ಹೊತ್ತು. ಆ ನಿದ್ದೆ ಹೋದದ್ದರ ಸಿಟ್ಟು ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ನಮ್ಮಜ್ಜನ ಕಾಲದಿಂದ ಗೋಡೆ ಕಟ್ತೇವೆ ಅಕ್ಕ," ಎಂದರು ನನ್ನೊಡನೆ. "ಆಕಾಶದಿಂದ ಯಾರೂ ಬೈದದ್ದಿಲ್ಲ."

ಕ್ಯಾಮೆರಾ ಸಾಯುವ ಕಾರಣ ಹುಡುಕಲು ಕಷ್ಟವಾಗಲಿಲ್ಲ. ಅಂಥ ವಯರು ಒಂದು ಮಿತಿಗಿಂತ ಉದ್ದವಾದರೆ ತುದಿಯಲ್ಲಿರುವ ವಸ್ತುವಿಗೆ ಕರೆಂಟೂ ತಲುಪುವುದಿಲ್ಲ, ಮಾತೂ ತಲುಪುವುದಿಲ್ಲ. ಉಮ್ಮನಿಗೆ ಬಿಡಿಸಿ ಹೇಳಬೇಕಾಯಿತು. "ತೋಟಕ್ಕೆ ಪೈಪು ಎಳೆಯುವಾಗ ತುದಿಯಲ್ಲಿ ನೀರು ಸೊರಗುವುದಿಲ್ಲವಾ? ಹಾಗೆ."

"ಹಾಗಾದರೆ ನಡುವಲ್ಲಿ ಒಂದು ಟ್ಯಾಂಕಿ ಇಡಬೇಕು," ಎಂದರು ಉಮ್ಮ.

ನಾನು ಹೇಳಬೇಕೆಂದಿದ್ದದ್ದೂ ಅದೇ. ಬೇರೆಯಾಗಿ ಕರೆಂಟು ಕೊಡುವ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ, ಹಬ್ ಎನ್ನುತ್ತಾರೆ. ಮರುದಿನ ಅದನ್ನು ತಂದು ನಡುದಾರಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ಹಳೇ ಮನೆಯ ಬಚ್ಚಲಿನ ದೀಪದ ಪಾಯಿಂಟಿನಿಂದ ಕರೆಂಟು ಎಳೆದೆ. ನೀರು ಸಿಡಿಯದಂತೆ ಉಮ್ಮ ಅದರ ಮೇಲೆ ಒಂದು ಮಣ್ಣಿನ ಮಡಕೆ ಕವುಚಿದರು. ಕ್ಯಾಮೆರಾ ಬದುಕಿತು. ಅಲ್ಲಿ ಗೋದಾಮಿನಲ್ಲಿ ಅನ್ನ ಕಲಸುತ್ತ ಕುಳಿತಿದ್ದ ಗಂಡನ ಮುಖ ಪರದೆಯಲ್ಲಿ ಮೂಡಿತು.

"ಮೇಸ್ತ್ರಿ," ಎಂದಿತು ಸ್ಪೀಕರು, "ಆ ಮೂಲೆಯಲ್ಲಿ ಒಡೆದ ಕಲ್ಲು ಯಾಕೆ ಇಟ್ಟದ್ದು?"

ಮೇಸ್ತ್ರಿ ಹೋಗಿ ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡರು. "ಕಲ್ಲಲ್ಲ ಸಾಹೇಬ್ರೆ, ನನ್ನ ಮುಟ್ಟಾಳೆ."

ನಾವೆಲ್ಲ ಅಲ್ಲಿ ತುಳುವಿನಲ್ಲೇ ಮಾತಾಡುತ್ತಿದ್ದೆವು. ಗಂಡನೂ ಮೇಸ್ತ್ರಿಯೊಡನೆ ಜಗಳವಾಡುವುದು ತುಳುವಿನಲ್ಲೇ. ಆದರೆ ನನ್ನ ಹತ್ತಿರ ಮಾತ್ರ ಅವನು ಕನ್ನಡದಲ್ಲಿ, ತಾಲೂಕು ಕಚೇರಿಯಲ್ಲಿ ನಿಂತವನ ಹಾಗೆ ನಿಧಾನವಾಗಿ ಮಾತಾಡುತ್ತಿದ್ದ. ಕಂಪ್ಯೂಟರಿನ ವಿಷಯಕ್ಕೆ ತುಳು ಸಾಲದು ಎಂದು ಅವನಿಗೆ ಅನಿಸಿರಬೇಕು. "ಬಹಳ ಉಪಕಾರ ಆಯಿತು ಮೇಡಂ. ಇನ್ನು ನಾನು ಪ್ರತಿಯೊಂದು ಕಲ್ಲನ್ನೂ ಪರಿಶೀಲಿಸುತ್ತೇನೆ," ಎಂದ. ಮೇಸ್ತ್ರಿ ನನ್ನ ಕಡೆ ನೋಡಿದ ನೋಟದಲ್ಲಿ ಉಪಕಾರದ ಭಾವ ಇರಲಿಲ್ಲ.

ಕೆಲವು ವಾರ ಕಳೆದ ಮೇಲೆ ಆ ಹೆಂಗಸಿನಿಂದ ಮತ್ತೆ ಫೋನ್. "ಒಮ್ಮೆ ಬರ್ತೀಯಾ ಮಾರಾಯ್ತಿ? ಗೋಡೆ ಓರೆ ಉಂಟಂತೆ."

"ನಾನು ಕಂಪ್ಯೂಟರ್ ರಿಪೇರಿಯವಳು. ಗೋಡೆಗೆ ನಾನೆಂತ ಮಾಡುವುದು?"

"ಅದೇ ವಿಷಯ. ಗೋಡೆ ಓರೆಯಾ, ಕಂಪ್ಯೂಟರ್ ಓರೆಯಾ ಅಂತ ಹೇಳಲಿಕ್ಕೆ ಒಬ್ಬರು ಬೇಕು."

ಹೋದಾಗ ಮೇಸ್ತ್ರಿ ಕೆಲಸ ನಿಲ್ಲಿಸಿ ಮಾವಿನ ಮರದ ಕೆಳಗೆ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದರು. ಆಳುಗಳೂ ಅವರ ಸುತ್ತ ಸಾಲಾಗಿ ಕುಳಿತಿದ್ದರು. ನಡೆದದ್ದು ಇಷ್ಟು: ರಸ್ತೆಯ ಕಡೆಯ ಗೋಡೆ ಹೊರಕ್ಕೆ ಹೊಟ್ಟೆ ಬಿಟ್ಟಿದೆ ಎಂದು ಗಂಡ ಕ್ಯಾಮೆರಾದಲ್ಲಿ ಕಂಡಿದ್ದ, ಕೆಡವಿ ಕಟ್ಟು ಎಂದಿದ್ದ. ಮೇಸ್ತ್ರಿ ನೂಲಿಗೆ ಗುಂಡು ಕಟ್ಟಿ ಗೋಡೆಯ ಪಕ್ಕ ಇಳಿಬಿಟ್ಟು ತೋರಿಸಿದ್ದರು. ಗೋಡೆ ನೂಲಿನಷ್ಟೇ ನೇರ. ಆದರೆ ಕ್ಯಾಮೆರಾದಲ್ಲಿ ಆ ನೂಲೂ ಬಾಗಿ ಕಂಡಿತ್ತು. "ನೂಲನ್ನೇ ಓರೆಯಾಗಿ ಹಿಡಿದಿದ್ದೀರಿ" ಎಂದಿದ್ದ ಗಂಡ. ಕೆಳಗೆ ಗುಂಡು ಕಟ್ಟಿದ ನೂಲನ್ನು ಓರೆಯಾಗಿ ಹಿಡಿಯುವುದು ಹೇಗೆಂದು ನೀವೇ ಬಂದು ತೋರಿಸಿಕೊಡಿ ಎಂದು ಹೇಳಿ ಮೇಸ್ತ್ರಿ ಮರದ ಕೆಳಗೆ ಹೋಗಿದ್ದರು.

ನಾನು ಕ್ಯಾಮೆರಾ ಬಿಚ್ಚಿ ನೋಡಿದೆ. ಬೆರಳುಗುರಿನಷ್ಟು ದೊಡ್ಡ ಕಣ್ಣು, ಅದೂ ಗಾಜಲ್ಲ, ಪ್ಲಾಸ್ಟಿಕ್ಕು. ಇಂಥವು ನಡುವೆ ಇರುವುದನ್ನು ಸರಿಯಾಗಿಯೇ ತೋರಿಸುತ್ತವೆ. ಅಂಚಿಗೆ ಬಂದ ಗೆರೆಯನ್ನು ಬಿಲ್ಲಿನ ಹಾಗೆ ಬಾಗಿಸುತ್ತವೆ. ಇದನ್ನು ಪರದೆಯಲ್ಲಿದ್ದ ಗಂಡನಿಗೆ ಹೇಳಿದೆ. ಅವನು ನಂಬಲಿಲ್ಲ.

"ಮೇಡಂ, ನೀವು ಅಲ್ಲಿ ಅವರ ಜೊತೆ ಇದ್ದೀರಿ. ನಾನು ಇಲ್ಲಿ ಒಬ್ಬನೇ ಇದ್ದೇನೆ."

ಹಾಗಾಗಿ ಅವನಿಗೆ ಗೊತ್ತಿರುವ ಯಾವುದಾದರೂ ನೇರ ವಸ್ತುವನ್ನು ತೋರಿಸುವ ಎಂದು ನಿಶ್ಚಯವಾಯಿತು. ಆಗಲೇ ಗೊತ್ತಾದದ್ದು, ನಮ್ಮ ಊರಿನಲ್ಲಿ ನೇರ ಇರುವುದು ಎಷ್ಟು ಕಡಿಮೆ ಎಂದು. ತೆಂಗಿನಮರ ಸಾಕ್ಷಿಗೆ ಆಗುವುದಿಲ್ಲ. ಕರೆಂಟು ಕಂಬ ಯಾವುದೋ ಲಾರಿ ತಾಗಿ ಮೊದಲೇ ವಾಲಿತ್ತು. ಹಳೇ ಮನೆಯ ಬಾಗಿಲ ದಾರಂದವನ್ನು ತೋರಿಸಿದರೆ, "ಅದನ್ನು ಗೆದ್ದಲು ತಿಂದಿದೆ, ಅದು ನಾನು ಸಣ್ಣವನಿರುವಾಗಲೇ ಓರೆ" ಎಂದ ಗಂಡ. ಉಮ್ಮ, "ನಾನು ನಿಲ್ತೇನೆ" ಎಂದು ಕ್ಯಾಮೆರಾದ ಮುಂದೆ ಬಂದು ಎದೆಯೆತ್ತಿ ನಿಂತರು. ಮಗ ಸ್ವಲ್ಪ ಹೊತ್ತು ನೋಡಿ, "ಉಮ್ಮ, ನೀವು ಹೋಗಿ ಕೂತುಕೊಳ್ಳಿ" ಎಂದ.

ಕೊನೆಗೆ ಮೇಸ್ತ್ರಿ ಮರದ ಕೆಳಗಿಂದಲೇ, "ಮಿನಾರ ಉಂಟಲ್ಲ," ಎಂದರು.

ತೆಂಗಿನ ಮರಗಳ ಸಂದಿನಲ್ಲಿ, ಸ್ವಲ್ಪ ದೂರದಲ್ಲಿ, ಮಸೀದಿಯ ಮಿನಾರ ಬೆಳ್ಳಗೆ ಕಾಣುತ್ತಿತ್ತು. ಹೆಂಡತಿ ಕೋಲನ್ನು ಎತ್ತಿ ಹಿಡಿದಳು. ಮಿನಾರ ಚಿತ್ರದ ನಡುವೆ ಬಂದಾಗ ಕಡ್ಡಿಯಂತೆ ನೆಟ್ಟಗಿತ್ತು. "ಇನ್ನು ನಿಧಾನ ಬಲಕ್ಕೆ ತಿರುಗಿಸು," ಎಂದೆ. ಮಿನಾರ ಚಿತ್ರದ ಅಂಚಿಗೆ ಸರಿಯುತ್ತಿದ್ದಂತೆ ಅದರ ನಡು ಬಾಗತೊಡಗಿತು. ಪೂರ್ತಿ ಅಂಚಿಗೆ ಹೋದಾಗ ರಸ್ತೆಬದಿಯ ಗೋಡೆಯ ಹಾಗೆಯೇ ಹೊಟ್ಟೆ ಬಿಟ್ಟಿತು. ಮತ್ತೆ ನಡುವಿಗೆ ತಂದರೆ ಮತ್ತೆ ನೇರ.

ವಯರು ಕಡಿಯಿತೋ ಎಂದು ನಾನು ಮಡಕೆಯ ಕಡೆ ನೋಡಿದೆ.

"ಅದನ್ನು ಕಟ್ಟುವಾಗ ನಾನೇ ನೀರು ಹೊತ್ತಿದ್ದೇನೆ," ಎಂದ ಗಂಡ ಕೊನೆಗೆ. "ಅದು ನೇರ ಉಂಟು."

"ಹಾಗಾದರೆ ನನ್ನ ಗೋಡೆಯೂ ನೇರ ಉಂಟು," ಎಂದು ಮೇಸ್ತ್ರಿ ಎಲೆಅಡಿಕೆ ಉಗಿದು ಎದ್ದರು. ಆಳುಗಳೂ ಎದ್ದರು. ಉಮ್ಮ ನನಗೆ ಓಡುದೋಸೆಯನ್ನೂ ಬಾಳೆಕಾಯಿ ಪೋಡಿಯನ್ನೂ ತಂದುಕೊಟ್ಟರು. ನ್ಯಾಯ ಹೇಳಿದವರಿಗೆ ಊಟ ಹಾಕದೆ ಕಳಿಸಬಾರದಂತೆ.

ಹೊರಡುವಾಗ ಮೇಸ್ತ್ರಿ ಗೇಟಿನವರೆಗೆ ಬಂದರು. ಅಷ್ಟು ಮರ್ಯಾದೆ ಅವರಿಂದ ನಾನು ನಿರೀಕ್ಷಿಸಿರಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅಕ್ಕ, ಎದುರಿನ ಗೋಡೆ ಖಂಡಿತ ನೇರ. ಹಿಂದೆ ಬಚ್ಚಲಿನದ್ದು ಉಂಟಲ್ಲ, ಅದು ಮಾತ್ರ ಸ್ವಲ್ಪ…" ಕೈಯನ್ನು ಗಾಳಿಯಲ್ಲಿ ಸ್ವಲ್ಪ ವಾಲಿಸಿ ತೋರಿಸಿದರು. "ಆ ದಿನ ನನಗೆ ಜ್ವರ ಇತ್ತು, ಆಳುಗಳು ಕಟ್ಟಿದ್ದು. ಅದೂ ಕ್ಯಾಮೆರಾದ್ದೇ ಅಂತ ಇರಲಿ."

"ಬೀಳ್ತದಾ?"

"ಬೀಳುವುದಿಲ್ಲ. ಗಾರೆ ಬಳಿಯುವಾಗ ಸರಿ ಮಾಡ್ತೇನೆ. ಆದರೆ ನೋಡಿದರೆ ಕಾಣ್ತದೆ."

ನಾನು ಹಿಂದೆ ಹೋಗಿ ನೋಡಿದೆ. ಗುಂಡೂ ನೂಲೂ ಬೇಕಿರಲಿಲ್ಲ. ಬಚ್ಚಲಿನ ಗೋಡೆ ಹಳೇ ಮನೆಯ ಕಡೆಗೆ ಗುಟ್ಟು ಕೇಳುವವರ ಹಾಗೆ ವಾಲಿತ್ತು. ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದೆ. ಗೋಡೆ ನನ್ನ ವಿದ್ಯೆಯೂ ಅಲ್ಲ.

ಮುಂದಿನ ಸಲ ಹೋಗಬೇಕಾದದ್ದು ಬೇರೆಯೇ ಕಾರಣಕ್ಕೆ. ಪ್ಲಾಸ್ಟಿಕ್ ಕಣ್ಣಿನ ಕಥೆ ಕೇಳಿದ ಗಂಡ, ಊರಿಗೆ ಬರುತ್ತಿದ್ದ ಗೆಳೆಯನೊಬ್ಬನ ಕೈಯಲ್ಲಿ ಒಳ್ಳೆಯ ಗಾಜಿನ ಕಣ್ಣಿರುವ ದುಬಾರಿ ಕ್ಯಾಮೆರಾ ಕಳಿಸಿದ್ದ. ಅದನ್ನು ಜೋಡಿಸಲು ನನ್ನನ್ನು ಕರೆದಿದ್ದರು. ಕರೆದರು ನಿಜ, ಆದರೆ ಆ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಪೆಟ್ಟಿಗೆಯನ್ನು ಒಡೆದಿರಲೂ ಇಲ್ಲ.

"ಮೊದಲು ಚಾ ಕುಡಿ," ಎಂದಳು ಆಕೆ. ಚಾ ಆಯಿತು. "ಇನ್ನು ಸ್ವಲ್ಪ ಹೊಸ ಮನೆ ನೋಡುವ ಬಾ."

ಗೋಡೆಗಳು ಆಗ ಬಾಗಿಲ ಮೇಲಿನ ಲಿಂಟಲ್ ತನಕ ಎದ್ದಿದ್ದವು. ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು. ಒಳ್ಳೆಯ ಅಡುಗೆಮನೆ. ಒಂದು ಮದುವೆಯ ಅಡುಗೆ ಮಾಡುವಷ್ಟು ಜಾಗ; ನೇತ್ರಾವತಿಯ ಕಡೆಗೆ ಮುಖ ಮಾಡಿದ ದೊಡ್ಡ ಕಿಟಕಿ; ಗಾಳಿ ಬಂದು ತಲೆಯ ಸೆರಗನ್ನು ಹಾರಿಸುತ್ತಿತ್ತು.

"ಚಂದ ಉಂಟು," ಎಂದೆ.

"ಪ್ಲಾನಿನಲ್ಲಿ ಇದು ಇದರ ಅರ್ಧ," ಎಂದಳು.

ಆಮೇಲೆ ವಿಷಯ ಹೊರಗೆ ಬಂತು. ಪ್ಲಾನು ಬರೆದವನು ಗಂಡನ ಗಲ್ಫಿನ ಗೆಳೆಯ. ಇಬ್ಬರೂ ಗಂಡಸರು ಸೇರಿ ಎದುರಿಗೆ ಜಗಲಿಯಂಥ ದೊಡ್ಡ ಸಿಟೌಟ್ ಇಟ್ಟು, ಅಡುಗೆಮನೆಯನ್ನು ಹಿಂದೆ ಒಂದು ಗೂಡಿನಷ್ಟು ಮಾಡಿದ್ದರು. ವರ್ಷಕ್ಕೊಮ್ಮೆ ಬಂದು ಸಿಟೌಟಿನಲ್ಲಿ ಕುಳಿತು ರಸ್ತೆ ನೋಡುವವನಿಗೆ ಅಷ್ಟು ಜಾಗ, ದಿನವೂ ಬೇಯಿಸುವವರಿಗೆ ಇಷ್ಟು ಎಂದರೆ ಹೇಗೆ ಎಂದು ಅತ್ತೆ ಸೊಸೆ ಯೋಚಿಸಿದರು. ಬೇರೆ ವಿಷಯಗಳಲ್ಲಿ ಅವರಿಬ್ಬರಿಗೆ ಒಮ್ಮತ ಅಷ್ಟಿರಲಿಲ್ಲ; ಮೀನಿನ ಸಾರಿಗೆ ಹುಳಿ ಎಷ್ಟು ಎಂಬುದರಿಂದ ಹಿಡಿದು ಎಲ್ಲದಕ್ಕೂ ವಾದ. ಇದರಲ್ಲಿ ಒಂದಾದರು. ಮೇಸ್ತ್ರಿಯನ್ನು ಕರೆದು ಒಳಗಿನ ಗೋಡೆಗಳನ್ನೆಲ್ಲ ಮುಂದಕ್ಕೆ ಸರಿಸಲು ಹೇಳಿದರು. ಸಿಟೌಟ್ ಕುಗ್ಗಿತು, ಅಡುಗೆಮನೆ ಬೆಳೆಯಿತು. ನೋಡಿದರೇ ಕಾಣುವ ಬಚ್ಚಲಿನ ಗೋಡೆಯ ಗುಟ್ಟು ಇವರಿಬ್ಬರ ಕೈಯಲ್ಲೂ ಇದ್ದ ಕಾರಣ ಮೇಸ್ತ್ರಿಯೂ ಹೆಚ್ಚು ಮಾತಾಡಲಿಲ್ಲ. ದಿನವೂ ಕೋಲು ಹಿಡಿದು ನಡೆಯುವಾಗ ಆಕೆ ಅಡುಗೆಮನೆಯನ್ನು ದೂರದ ಮೂಲೆಯಿಂದ, ಬಿಸಿಲಿಗೆ ಎದುರಾಗಿ, ಬೇಗ ಬೇಗ ತೋರಿಸಿ ಮುಗಿಸುತ್ತಿದ್ದಳು. ಸಿಟೌಟನ್ನು ಹತ್ತಿರದಿಂದ, ಎಲ್ಲ ಕಡೆಯಿಂದ, ನಿಧಾನವಾಗಿ. ಮಸುಕು ಚಿತ್ರದಲ್ಲಿ ಗಂಡನಿಗೆ ಏನೂ ಗೊತ್ತಾಗಿರಲಿಲ್ಲ. ಇನ್ನು ಗಾಜಿನ ಕಣ್ಣು ಬಂದರೆ ಮುಗಿಯಿತು.

"ಅದನ್ನು ಸ್ವಲ್ಪ ಹಾಳು ಮಾಡಲಿಕ್ಕೆ ಆಗ್ತದಾ?" ಎಂದು ಕೇಳಿದಳು.

"ನಾನು ಕಲಿತದ್ದು ರಿಪೇರಿ," ಎಂದೆ. "ಹಾಳು ಮಾಡುವುದು ಆಗದು."

ಹಿಂದೆಯೇ ಬಂದಿದ್ದ ಉಮ್ಮ ನಡುವೆ ಬಾಯಿ ಹಾಕಿದರು. "ಹಾಳು ಮಾಡುವುದು ಬೇಡ ಮಗಳೇ. ರಿಪೇರಿ ಮಾಡದಿದ್ದರೆ ಸಾಕು."

ಇದರಲ್ಲಿ ನ್ಯಾಯ ಇಲ್ಲದೆ ಇರಲಿಲ್ಲ. ಆದರೆ ಹಳೇ ಮನೆಗೆ ಮರಳಿದರೆ ಪರದೆಯಲ್ಲಿ ಗಂಡ ಆಗಲೇ ಬಂದು ಕಾಯುತ್ತಿದ್ದ. ಅನ್ನ ಕಲಸುವುದನ್ನೂ ಬಿಟ್ಟು ಕುಳಿತಿದ್ದ. ನಾನು ಪೆಟ್ಟಿಗೆ ಒಡೆದೆ, ಹೊಸ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಹೊಸ ಮನೆಯ ಗೋಡೆಗೆ ಒರಗಿಸಿ ವಯರಿಗೆ ಸಿಕ್ಕಿಸಿದೆ, ಅದರ ಜೊತೆ ಬಂದ ಸಿ.ಡಿ. ಹಾಕಿದೆ. ಅತ್ತೆ ಸೊಸೆ ನನ್ನ ಬೆನ್ನ ಹಿಂದೆ ಆಪರೇಷನ್ ಕೋಣೆಯ ಹೊರಗೆ ನಿಂತವರಂತೆ ನಿಂತಿದ್ದರು.

ಚಿತ್ರ ಬಂತು. ಬಂದ ಕೂಡಲೇ ನಿಂತಿತು. ಮತ್ತೆ ಅಲ್ಲಾಡಿತು. ಆಮೇಲೆ ಪರದೆಯ ತುಂಬ ಬರೀ ಚೌಕ ಚೌಕ. ನೆಲಕ್ಕೆ ಹಾಕುವ ಮೊಸಾಯಿಕ್ಕಿನ ಹಾಗೆ. ಆ ಚೌಕಗಳ ಒಳಗೆ ಎಲ್ಲೋ ಅಡುಗೆಮನೆ ಇತ್ತು.

ನಾನು ಏನೂ ಮಾಡಿರಲಿಲ್ಲ. ಕಾರಣ ಹುಡುಕಿದೆ, ಪ್ರಾಮಾಣಿಕವಾಗಿಯೇ ಹುಡುಕಿದೆ. ಹಬ್ ತಪ್ಪಿಸಿ ನೇರ ಸಿಕ್ಕಿಸಿ ನೋಡಿದರೂ ಅದೇ ಮೊಸಾಯಿಕ್ಕು. ಲ್ಯಾಪ್‌ಟಾಪ್ ಅಷ್ಟು ಹಳೆಯದು. ಹೊಸ ಕ್ಯಾಮೆರಾ ಕೊಡುವ ಚಿತ್ರವನ್ನು ಅಷ್ಟು ವೇಗದಲ್ಲಿ ಒಳಗೆ ತೆಗೆದುಕೊಳ್ಳುವ ಶಕ್ತಿ ಅದರ ವಯರು ಸಿಕ್ಕಿಸುವ ತೂತುಗಳಿಗೆ ಇರಲಿಲ್ಲ.

"ಲ್ಯಾಪ್‌ಟಾಪಿನಿಂದ ಆಗುವುದಿಲ್ಲ," ಎಂದು ಗಂಡನಿಗೆ ಹೇಳಿದೆ. "ಕ್ಯಾಮೆರಾ ಒಳ್ಳೆಯದೇ. ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕು."

"ಇದರಲ್ಲೇ ಬೇರೆ ಯಾವ ಉಪಾಯವೂ ಇಲ್ಲವಾ ಮೇಡಂ?"

"ಹಳೇ ಕ್ಯಾಮೆರಾ ಹಾಕುವುದೇ ಉಪಾಯ."

ಅವನು ನಿಟ್ಟುಸಿರು ಬಿಟ್ಟ. ಹೊಸ ಲ್ಯಾಪ್‌ಟಾಪನ್ನು ರಜೆಗೆ ಬರುವಾಗ ತಾನೇ ತರುವುದಾಗಿ ಹೇಳಿದ. ನಾನು ಹಳೇ ಕ್ಯಾಮೆರಾವನ್ನು ಮತ್ತೆ ಕೋಲಿಗೆ ಕಟ್ಟಿದೆ. ನಾನು ಹೇಳಿದ ಒಂದೊಂದು ಮಾತೂ ನಿಜ. ಆದರೂ ಅಂದು ಉಮ್ಮ ನನಗೆ ಕೊಟ್ಟ ತಿಂಡಿಯ ಕಟ್ಟು ನೋಡಿದರೆ, ನಾನು ಯಾವುದೋ ದೊಡ್ಡ ಸುಳ್ಳನ್ನು ಬಹಳ ಚೆನ್ನಾಗಿ ಹೇಳಿದ್ದೇನೆ ಎಂದು ಅವರು ನಂಬಿದ್ದು ಸ್ಪಷ್ಟವಾಗಿತ್ತು. ತಿದ್ದಲು ಹೋಗಲಿಲ್ಲ. ಬಸ್ಸಿನಲ್ಲಿ ಕಟ್ಟು ಬಿಚ್ಚಿದೆ.

ಅವನು ರಜೆಗೆ ಬರುವಷ್ಟರಲ್ಲಿ ಮನೆಗೆ ತಾರಸಿ ಹಾಕಿ, ಗಾರೆಯಾಗಿ, ಒಳಗೆ ಸುಣ್ಣ ಬಳಿಯುತ್ತಿದ್ದರು. ಹಳೇ ಲ್ಯಾಪ್‌ಟಾಪಿನಲ್ಲಿದ್ದ ಫೋಟೋಗಳನ್ನು ಹೊಸತಕ್ಕೆ ಹಾಕಿಕೊಡಲು ನನಗೆ ಕರೆ ಬಂತು. ಪರದೆಯಲ್ಲಿ ಬರೀ ತಲೆ ಕಂಡು ದನಿ ಕೇಳಿದ್ದ ನನಗೆ ಅವನು ಎತ್ತರದ ಮನುಷ್ಯ ಎಂಬ ಭಾವನೆ ಇತ್ತು. ಎದುರು ಬಂದಾಗ ನನ್ನ ಹೆಗಲಿಗಿಂತ ಸ್ವಲ್ಪ ಮೇಲೆ ಬರುವ, ನಾಚಿಕೆಯ ಮನುಷ್ಯ. ಹಿಂದಿನ ದಿನ ರಾತ್ರಿಯಷ್ಟೇ ಬಂದಿದ್ದ. ಹೊಸ ಮನೆಯನ್ನು ಬೆಳಕಿನಲ್ಲಿ ನೋಡಲು ಈಗಷ್ಟೇ ಹೊರಟಿದ್ದ. ಸೊಸೆ ನನ್ನ ಕೈ ಹಿಡಿದು, "ನೀನೂ ಬಾ" ಎಂದು ಎಳೆದಳು. ಲ್ಯಾಪ್‌ಟಾಪನ್ನು ತೋಳಿನಲ್ಲಿ ಹಿಡಿದುಕೊಂಡೇ ಹಿಂದೆ ಹೋದೆ.

ಬಚ್ಚಲಿನ ಗೋಡೆಯನ್ನು ಅವನು ತಟ್ಟಿ ನೋಡಿ, "ಇದು ನೇರ ಉಂಟು," ಎಂದ. ಗಾರೆ ತನ್ನ ಕೆಲಸ ಮಾಡಿತ್ತು. ಮೇಸ್ತ್ರಿ ಕೆಮ್ಮಿದರು. ಆಮೇಲೆ ಅಡುಗೆಮನೆಗೆ ಬಂದ. ನಡುವೆ ನಿಂತ. ಈ ಗೋಡೆ ನೋಡಿದ, ಆ ಗೋಡೆ ನೋಡಿದ.

"ಪ್ಲಾನಿನಲ್ಲಿ ಇದು ಇಷ್ಟು ದೊಡ್ಡದು ಇತ್ತಾ?"

ಹೆಂಡತಿ ಅತ್ತೆಯನ್ನು ನೋಡಿದಳು. "ಹೊಸ ಗೋಡೆ," ಎಂದರು ಉಮ್ಮ, "ಒಣಗುವಾಗ ಸ್ವಲ್ಪ ಹಿಂದೆ ಸರೀತದೆ."

ಅವನು ಮೇಸ್ತ್ರಿಯ ಕಡೆ ತಿರುಗಿದ. ಮೇಸ್ತ್ರಿ ಮುಟ್ಟಾಳೆ ತೆಗೆದು ಅದರ ಒಳಭಾಗವನ್ನು ಪರೀಕ್ಷಿಸತೊಡಗಿದರು. ಕೊನೆಗೆ ನನ್ನ ಸರದಿ.

"ಮೇಡಂ, ಕ್ಯಾಮೆರಾದಲ್ಲಿ ನೋಡುವಾಗ ಇದು ಸಣ್ಣದಿತ್ತು."

"ಆ ಕ್ಯಾಮೆರಾದಲ್ಲಿ ನಿಮಗೆ ಯಾವುದೂ ಸರಿಯಾಗಿ ಕಂಡದ್ದಿಲ್ಲ," ಎಂದೆ.

"ಅದು ಹೌದು," ಎಂದು ಅವನು ಒಪ್ಪಿಕೊಂಡ. ಕಿಟಕಿಯ ಬಳಿ ಹೋಗಿ ನಿಂತ. ಹೊಳೆಯ ಕಡೆಯಿಂದ ಗಾಳಿ ಬಂತು. ಅಲ್ಲೇ ಇದ್ದ ಸಿಮೆಂಟಿನ ಮೂಟೆಯ ಮೇಲೆ ಕುಳಿತ. "ಒಳ್ಳೆಯ ಗಾಳಿ ಉಂಟಲ್ಲ ಇಲ್ಲಿ," ಎಂದ. ಎಲ್ಲರೂ ಉಸಿರು ಬಿಟ್ಟರು. ನಾನು ಫೋಟೋಗಳ ಕೆಲಸ ಮುಗಿಸಿ ಬಂದೆ. ಗೆದ್ದೆವು ಎಂದುಕೊಂಡೆ, ನನಗೆ ಅದರಲ್ಲಿ ಪಾಲಿಲ್ಲದಿದ್ದರೂ.

ಗೆದ್ದದ್ದು ಎಷ್ಟು ಎಂದು ಗೊತ್ತಾದದ್ದು ಹೊಸ ಮನೆ ಒಕ್ಕಲಾದ ಮೇಲೆ. ಅವನು ಸಿಟೌಟಿಗೆಂದು ಗಲ್ಫಿನಿಂದಲೇ ಒಂದು ದೊಡ್ಡ ಒರಗುವ ಕುರ್ಚಿಯನ್ನು ಹಡಗಿನಲ್ಲಿ ಕಳಿಸಿದ್ದ. ಕಾಲು ಚಾಚಿದರೆ ಅದೂ ಚಾಚುತ್ತದೆ. ಅದು ಬಂದು ತಲುಪಿದಾಗ ಕುಗ್ಗಿದ ಸಿಟೌಟಿನಲ್ಲಿ ಹಿಡಿಸಲಿಲ್ಲ. ಒರಗಿದರೆ ತಲೆ ಗೋಡೆಗೆ ತಾಗುತ್ತಿತ್ತು, ಕಾಲು ಚಾಚಿದರೆ ಮೆಟ್ಟಿಲಿನ ಮೇಲೆ ಬೀಳುತ್ತಿತ್ತು. ಇಡೀ ಮನೆಯಲ್ಲಿ ಆ ಕುರ್ಚಿಗೆ ಜಾಗ ಇದ್ದದ್ದು ಒಂದೇ ಕಡೆ. ಅವನು ಅದನ್ನು ಅಡುಗೆಮನೆಯ ಕಿಟಕಿಯ ಬಳಿ ಹಾಕಿಸಿಕೊಂಡ. ಬೆಳಗ್ಗಿನಿಂದ ಸಂಜೆಯವರೆಗೆ ಅಲ್ಲೇ ಒರಗಿ, ಚಾ ಕುಡಿಯುತ್ತ, ಈರುಳ್ಳಿ ಸಣ್ಣ ಹೆಚ್ಚು, ಒಲೆಯ ಉರಿ ತಗ್ಗಿಸು, ಮೀನು ಮಗುಚು ಎಂದು ಮೇಲ್ವಿಚಾರಣೆ ನಡೆಸಿದ.

ಹೆಂಡತಿ ನನಗೆ ಫೋನ್ ಮಾಡಿದಳು. "ಮೇಸ್ತ್ರಿಯ ಕಷ್ಟ ನನಗೆ ಈಗ ಅರ್ಥ ಆಯ್ತು ಮಾರಾಯ್ತಿ."

"ಉಮ್ಮ ಎಂತ ಹೇಳ್ತಾರೆ?"

"ಇವರು ಉಮ್ಮನಿಗೂ ಹುಳಿ ಎಷ್ಟು ಹಾಕಬೇಕು ಅಂತ ಹೇಳಿಕೊಡ್ತಾರೆ. ನಾವಿಬ್ಬರೂ ಈಗ ಬಹಳ ಒಗ್ಗಟ್ಟಿನಲ್ಲಿ ಇದ್ದೇವೆ."

ರಜೆ ಮುಗಿದು ಅವನು ಹೋದ. ಹೋಗುವ ಮೊದಲು ಹೊಸ ಲ್ಯಾಪ್‌ಟಾಪನ್ನು ಅಡುಗೆಮನೆಯಲ್ಲಿಯೇ, ತನ್ನ ಕುರ್ಚಿಯ ಮೇಲೆ ಇರಿಸಿ ಹೋಗಿದ್ದ. ಅದರಲ್ಲಿ ಕ್ಯಾಮೆರಾ ಒಳಗೇ ಇತ್ತು. ವಯರೂ ಬೇಡ, ಕೋಲೂ ಬೇಡ. ಮಧ್ಯಾಹ್ನ ಬಿಡುವಾದ ಕೂಡಲೇ ಕುರ್ಚಿಯಲ್ಲಿ ಅವನ ತಲೆ ಬೆಳಗುತ್ತಿತ್ತಂತೆ.

ಮಳೆಗಾಲ ಕಳೆಯುವ ಹೊತ್ತಿಗೆ ಆ ಲ್ಯಾಪ್‌ಟಾಪ್ ನಮ್ಮ ಅಂಗಡಿಗೆ ಬಂತು. ಹೊತ್ತಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಬಿಸಿಯಾಗಿ ತಾನೇ ಆರುತ್ತಿತ್ತು. ತಂದವಳು ಹೆಂಡತಿ, ಸ್ವತಃ ಬಸ್ಸಿನಲ್ಲಿ ತಂದಿದ್ದಳು. ನಾನು ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗಿನ ಪುಟ್ಟ ಫ್ಯಾನು ಕೊಬ್ಬರಿ ಎಣ್ಣೆಯ ಜಿಡ್ಡಿನಲ್ಲಿ ಮುಳುಗಿ, ಧೂಳು ಹಿಡಿದು, ತಿರುಗುವುದನ್ನು ಮರೆತಿತ್ತು. ರೆಕ್ಕೆಗಳ ನಡುವೆ ಒಂದು ಸಾಸಿವೆ ಕಾಳು ಸಿಕ್ಕಿಕೊಂಡಿತ್ತು. ಅಂಗಡಿ ತುಂಬ ಬಂಗುಡೆ ಮೀನು ಹುರಿದ ವಾಸನೆ ಹರಡಿತು.

ಯಜಮಾನರು ತಮ್ಮ ಮೇಜಿನಿಂದ ತಲೆಯೆತ್ತಿದರು. "ಏನು ರೋಗ?"

"ಒಗ್ಗರಣೆ," ಎಂದೆ.

ಅವರು ಎದ್ದು ಬಂದು, ಬಗ್ಗಿ ಮೂಸಿ ನೋಡಿ, ಹೌದೆಂದು ತಲೆಯಾಡಿಸಿ ಹೋದರು. ನಾನು ಬ್ರಶ್ಶು ಮತ್ತು ಸ್ಪಿರಿಟ್ಟು ಹುಡುಕಿ ತೆಗೆದೆ.

ಆಕೆ ಮೇಜಿನ ಮೇಲೆ ಮೊಣಕೈ ಊರಿ, "ಇದಕ್ಕೆ ಎಷ್ಟು ದಿನ ಬೇಕು?" ಎಂದು ಕೇಳಿದಳು.

"ಇಲ್ಲೇ ಕೂತರೆ ಈಗಲೇ ಮಾಡಿಕೊಡ್ತೇನೆ."

"ಅವಸರ ಏನೂ ಇಲ್ಲ," ಎಂದಳು. "ನಿಧಾನ ಮಾಡು. ರಂಝಾನ್ ಮುಗಿದ ಮೇಲೆ ಬಂದು ಕೊಂಡುಹೋಗ್ತೇನೆ." ಹೇಳಿ, ಕೊಡೆ ಬಿಡಿಸಿ, ಬಸ್‌ಸ್ಟ್ಯಾಂಡಿನ ಕಡೆಗೆ ಆರಾಮವಾಗಿ ನಡೆದುಹೋದಳು.